ಪಂದ್ಯ ನಡೆಯುತ್ತಿರುವಾಗ ಟಿವಿಯವರು ಬಾಕ್ಸರ್‌ನ ಕಾರ್ನರಿಗೆ ಮಾಹಿತಿ ಕೊಡುವುದು ಸರಿಯೇ?

ಒಂದು ಕಾರ್ನರಿನವರ ಕಿವಿಯಲ್ಲಿ ಮಾತ್ರ ಹೇಳುವುದಾದರೆ ಬೇಡವೇ ಬೇಡ. ಎರಡೂ ಕಡೆಯವರಿಗೆ ಒಟ್ಟಿಗೆ ಕಾಣುವ ಹಾಗೆ ಪರದೆಯಲ್ಲಿ ಹಾಕಿದರೆ ನನ್ನ ತಕರಾರಿಲ್ಲ. ಅದೂ ಎಲ್ಲವನ್ನೂ ಅಲ್ಲ.

ನಾನು ಬಾಕ್ಸರ್ ಅಲ್ಲ. ಕುಂಬಳೆ ಹತ್ತಿರ ಮನೆ, ಹೊಟ್ಟೆಪಾಡಿಗೆ ಮದುವೆ ವಿಡಿಯೋ, ಮಳೆ ಬಿಟ್ಟ ಮೇಲೆ ರಾತ್ರಿ ಕಬಡ್ಡಿ ಪಂದ್ಯಾಟಗಳ ಲೈವ್. ಕಾರ್ನರ್ ಎಂದರೆ ನಮ್ಮ ಊರಲ್ಲಿ ಮೊದಲು ನೆನಪಾಗುವುದೇ ಲೆಫ್ಟ್ ಕಾರ್ನರ್, ರೈಟ್ ಕಾರ್ನರ್ ಆಡುವ ಹುಡುಗರು. ಬಾಕ್ಸಿಂಗಿನ ಕಾರ್ನರ್ ಬೇರೆ: ಕೋಚ್, ರಕ್ತ ನಿಲ್ಲಿಸುವ ಕಟ್‌ಮ್ಯಾನ್, ನೀರು ಕೊಡುವವ. ಸುತ್ತಿನಿಂದ ಸುತ್ತಿಗೆ ಅವರಿಗೆ ಸಿಗುವುದು ಒಂದೇ ನಿಮಿಷ.

ಆದರೂ ಉತ್ತರ ಬರೆಯಲು ಕೂತದ್ದಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ಒಂದು ಸೆಮಿಫೈನಲ್. ಮೂರು ನಿಮಿಷ ಬಾಕಿ. ಒಂದು ತಂಡದ ಕೋಚ್ ನನ್ನ ಜೊತೆ ಶಾಲೆಗೆ ಹೋದವ. ಸೀದಾ ನನ್ನ ಮೇಜಿನ ಹಿಂದೆ ಬಂದು ನಿಂತ. "ಮಾರಾಯ, ಅವ ಬೋನಸ್ ಗೆರೆ ದಾಟಿದ್ದಾನಾ ಇಲ್ವಾ, ಒಮ್ಮೆ ಹಿಂದೆ ತಿರುಗಿಸು." ತಿರುಗಿಸಿದೆ. ಗೆರೆ ದಾಟಿದ್ದ. ಆದರೆ ಇವ ಗೆರೆ ನೋಡಲೇ ಇಲ್ಲ. ನಿಧಾನ ಚಲನೆಯಲ್ಲಿ ಆ ರೈಡರ್ ಎಡಗಾಲಿನ ಮೇಲೆ ಭಾರ ಹಾಕುತ್ತಿಲ್ಲ ಎಂಬುದನ್ನು ನೋಡಿದ. ಏನೂ ಹೇಳದೆ ನನ್ನ ಬೆನ್ನು ತಟ್ಟಿ ಹೋದ. ಮುಂದಿನ ಎರಡು ರೈಡಿನಲ್ಲೂ ಇವನ ಹುಡುಗರು ಬಿದ್ದದ್ದು ಅದೇ ಕಾಲಿಗೆ. ರೈಡರ್ ಕುಂಟುತ್ತ ಹೊರಗೆ ಹೋದ, ಇವರು ಗೆದ್ದರು. ಗಲಾಟೆ ಗಿಲಾಟೆ ಏನೂ ಆಗಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತೇ ಆಗಲಿಲ್ಲ.

ಬಾಕ್ಸಿಂಗಿನಲ್ಲಿ ಇದು ಹತ್ತು ಪಾಲು ದೊಡ್ಡದು. ಟಿವಿಯವರ ಮೈಕು ಎರಡೂ ಕಾರ್ನರಿನಲ್ಲಿ ಇರುತ್ತದೆ. ಯಾವನ ಪಕ್ಕೆಲುಬು ನೋಯುತ್ತಿದೆ, ಯಾವನ ಬಲಗೈ ಹೋಗಿದೆ, ಮುಂದಿನ ಸುತ್ತಿಗೆ ಯಾರ ಉಪಾಯ ಏನು, ಎರಡೂ ಮನೆಯ ಗುಟ್ಟು ಗೊತ್ತಿರುವವರು ಅವರೊಬ್ಬರೇ. ಎರಡೂ ಕಡೆಯ ಅಡುಗೆಮನೆಗೆ ಹೋಗಿ ಬರುವವನು ಬಾಯಿ ಮುಚ್ಚಿಕೊಂಡಿರಬೇಕು.

ರೀಪ್ಲೇ ವಿಷಯಕ್ಕೆ ಬನ್ನಿ. 2003ರ ಜೂನ್ 21, ಲಾಸ್ ಏಂಜಲೀಸ್, ಹೆವಿವೇಟ್ ಪಟ್ಟಕ್ಕೆ ಲೆನಾಕ್ಸ್ ಲೂಯಿಸ್ ಮತ್ತು ವಿಟಾಲಿ ಕ್ಲಿಚ್ಕೊ. ಆರು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಕ್ಲಿಚ್ಕೊ 58-56 ಮುಂದೆ. ಆದರೆ ಎಡಗಣ್ಣಿನ ಮೇಲಿನ ಗಾಯ ನೋಡಿ ಡಾಕ್ಟರ್ ಪಂದ್ಯ ನಿಲ್ಲಿಸಿದರು. ಗಾಯ ಲೂಯಿಸ್‌ನ ಗುದ್ದಿನಿಂದ ಆದದ್ದು, ಹಾಗಾಗಿ ಗೆಲುವು ಲೂಯಿಸ್‌ಗೆ. ಅದೇ ಗಾಯ ಅಕಸ್ಮಾತ್ ತಲೆಗೆ ತಲೆ ಬಡಿದು ಆಗಿದ್ದರೆ? ನಾಲ್ಕು ಸುತ್ತು ದಾಟಿದ ಮೇಲೆ ಪಂದ್ಯ ನಿಂತರೆ ಆವರೆಗಿನ ಅಂಕ ನೋಡುತ್ತಾರೆ. ಪಟ್ಟ ಕ್ಲಿಚ್ಕೊಗೆ ಹೋಗುತ್ತಿತ್ತು. ಅವತ್ತು ಸಂಶಯಕ್ಕೆ ಜಾಗ ಇರಲಿಲ್ಲ. ಸಂಶಯ ಇರುವ ಪಂದ್ಯಗಳಲ್ಲಿ ಗುದ್ದೋ ತಲೆಯೋ ಎಂಬುದು ಟಿವಿಯವರಿಗೆ ಅರೆ ನಿಮಿಷದಲ್ಲಿ ತಿಳಿಯುತ್ತದೆ. ತಲೆ ಬಡಿದದ್ದು ಎಂದು ಒಂದೇ ಕಾರ್ನರಿಗೆ ಹೇಳಿದರೆ, ಪಂದ್ಯ ಅಲ್ಲಿಗೇ ನಿಂತು ಅಂಕದಲ್ಲಿ ಗೆಲ್ಲಲಿಕ್ಕೆ ಮುಂದಿರುವವನ ಕೋಚ್ "ಕಣ್ಣು ಕಾಣ್ತಾ ಇಲ್ಲ ಅಂತ ಡಾಕ್ಟರಿಗೆ ಹೇಳು" ಎನ್ನಬಹುದು. ಅಂಥ ಮಾಹಿತಿ ಹೋಗಬೇಕಾದದ್ದು ರೆಫ್ರಿಗೆ, ರೆಫ್ರಿಯಿಂದ ಇಬ್ಬರಿಗೂ.

ಇನ್ನು ಸ್ಕೋರು. ಟಿವಿಯವರ ಸ್ಕೋರು ಅವರ ಅಭಿಪ್ರಾಯ ಅಷ್ಟೇ, ತೀರ್ಪುಗಾರರ ಕಾಗದದಲ್ಲಿ ಏನುಂಟು ಎಂದು ಅವರಿಗೂ ಗೊತ್ತಿರುವುದಿಲ್ಲ. "ನೀನು ಮುಂದಿದ್ದಿ" ಎಂಬ ಮಾತು ಎಷ್ಟು ಅಪಾಯ ಎನ್ನುವುದಕ್ಕೆ 1999ರ ಸೆಪ್ಟೆಂಬರ್ 18 ಸಾಕು. ಆಸ್ಕರ್ ಡಿ ಲಾ ಹೋಯಾ ಗೆದ್ದೇ ಬಿಟ್ಟಿದ್ದೇನೆ ಎಂದುಕೊಂಡು ಕೊನೆಯ ಸುತ್ತುಗಳಲ್ಲಿ ಫೆಲಿಕ್ಸ್ ಟ್ರಿನಿಡಾಡ್‌ನಿಂದ ದೂರ ದೂರ ಓಡಿದ. ಅವನ ಕಾರ್ನರಿನದ್ದೂ ಅದೇ ಲೆಕ್ಕ. ಕಾಗದ ಓದಿದಾಗ 115-113, 115-114 ಟ್ರಿನಿಡಾಡ್‌ಗೆ, ಒಂದು 114-114. ಹೊರಗಿನ ಕಾಮೆಂಟೇಟರನೂ ಬಂದು "ಹೌದು, ಮುಂದಿದ್ದಿ" ಎಂದರೆ ಕಥೆ ಏನು? ನಿಜವಾದ ಅಂಕವನ್ನೇ ಹೇಳುವುದಾದರೆ ಅದಕ್ಕೆ ದಾರಿ ಉಂಟು: ಬಾಕ್ಸಿಂಗ್ ಸಂಸ್ಥೆ ಡಬ್ಲ್ಯುಬಿಸಿಯ ಓಪನ್ ಸ್ಕೋರಿಂಗ್‌ನಲ್ಲಿ ನಾಲ್ಕನೇ ಮತ್ತು ಎಂಟನೇ ಸುತ್ತಿನ ನಂತರ ಎಲ್ಲರ ಎದುರು ಓದುತ್ತಾರೆ. ಮುಂದಿರುವವನು ಆಮೇಲೆ ಕೈ ಕಟ್ಟಿ ಆಡುತ್ತಾನೆ ಎಂಬ ದೂರು ಇದೆ, ಸುಳ್ಳಲ್ಲ. ಆದರೂ ಪಿಸುಮಾತಿಗಿಂತ ಅದೇ ವಾಸಿ.

ಕ್ರಿಕೆಟಿನವರಿಗೆ ಇದು ಬೇಗ ಅರ್ಥವಾಗುತ್ತದೆ. 2017ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯದ ಸ್ಟೀವ್ ಸ್ಮಿತ್ ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ) ಕೇಳಲೋ ಬೇಡವೋ ಎಂದು ಡ್ರೆಸ್ಸಿಂಗ್ ರೂಮ್ ಕಡೆ ನೋಡಿದ್ದಕ್ಕೇ ಎಷ್ಟು ಗದ್ದಲ! 2022ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡು ಸ್ಟಂಪಿನ ಮೇಲಿಂದ ಹೋಗುತ್ತದೆ ಎಂದು ಡಿಆರ್‌ಎಸ್ ತೋರಿಸಿ ದಕ್ಷಿಣ ಆಫ್ರಿಕದ ಎಲ್ಗರ್ ಔಟಾಗದೆ ಉಳಿದಾಗ ಅಶ್ವಿನ್ ಸ್ಟಂಪ್ ಮೈಕಿನಲ್ಲಿ ಟಿವಿಯವರನ್ನೇ ಚುಚ್ಚಿದರು. ನಮ್ಮ ಪಕ್ಕದ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಕೂಡ, ಹನ್ನೊಂದು ಜನರ ಮೇಲೆ ಇಡೀ ದೇಶ ಬಿದ್ದಿದೆ ಎಂದರು. ಚೆಂಡಿನ ದಾರಿ ಲೆಕ್ಕ ಹಾಕುವುದು ಬೇರೆಯೇ ಕಂಪನಿ, ಟಿವಿಯವರಲ್ಲ. ಏನೂ ಮಾಡದಿದ್ದಾಗಲೇ ಇಷ್ಟು ಸಂಶಯ. ಬಾಕ್ಸಿಂಗಿನಲ್ಲಂತೂ ಸ್ಟಾರ್ ಬಾಕ್ಸರ್ ಜೊತೆ ಚಾನೆಲ್ಲಿನದ್ದೇ ಹಲವು ಪಂದ್ಯಗಳ ಒಪ್ಪಂದ ಇರುವುದುಂಟು. ಅವನು ಗೆದ್ದರೆ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಾ?

ಜೀವದ ಪ್ರಶ್ನೆ ಬಂದರೆ ಮಾತ್ರ ಬೇರೆ. ಬಾಕ್ಸರ್ ಕಾಲು ಎಳೆಯುತ್ತಿದ್ದಾನೆ, ಕಣ್ಣು ಎಲ್ಲೋ ನೋಡುತ್ತಿದೆ ಎಂದು ಕ್ಯಾಮೆರಾದವನಿಗೆ ಕಂಡರೆ ಆ ಕ್ಷಣ ರಿಂಗಿನ ಪಕ್ಕದ ಡಾಕ್ಟರಿಗೆ ಹೇಳಲೇಬೇಕು. 1982ರಲ್ಲಿ ಕೊರಿಯದ ಬಾಕ್ಸರ್ ಡುಕ್ ಕೂ ಕಿಮ್ ಟಿವಿ ಲೈವ್‌ನಲ್ಲಿ ಹದಿನಾಲ್ಕನೇ ಸುತ್ತಿಗೆ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆಯೇ ಡಬ್ಲ್ಯುಬಿಸಿ ಹದಿನೈದು ಸುತ್ತನ್ನು ಹನ್ನೆರಡಕ್ಕೆ ಇಳಿಸಿದ್ದು.

ನನ್ನ ಆ ಗೆಳೆಯ ಈಗಲೂ ಪಂದ್ಯದ ನಡುವೆ ಚಾ ಹಿಡಿದುಕೊಂಡು ಮೇಜಿನ ಹತ್ತಿರ ಬರುತ್ತಾನೆ. ಚಾ ತೆಗೆದುಕೊಳ್ಳುತ್ತೇನೆ, ಮಾನಿಟರನ್ನು ಗೋಡೆಯ ಕಡೆ ತಿರುಗಿಸಿದ ಮೇಲೆ.