ಹೊಸ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿರುತ್ತದೆ?

ಪ್ರಶ್ನೆ: ಯುಗಾದಿ ದಿನ ಬಳ್ಳಾರಿಯ ಷೋರೂಂ ಒಂದರಿಂದ ಪೆಟ್ರೋಲ್ ಕಾರು ತಂದೆವು. ದುರ್ಗಮ್ಮನ ಗುಡಿಯಲ್ಲಿ ಪೂಜೆ ಮುಗಿಸಿ ಊರ ಕಡೆ ಹೊರಟರೆ, ತೆಕ್ಕಲಕೋಟೆ ಇನ್ನೂ ಏಳೆಂಟು ಕಿ.ಮೀ. ಇರುವಾಗ ಗಾಡಿ ನಿಂತೇಬಿಟ್ಟಿತು. ಪೆಟ್ರೋಲ್ ಖಾಲಿ. ಅಷ್ಟು ಲಕ್ಷ ಕೊಟ್ಟವರಿಗೆ ಟ್ಯಾಂಕ್ ತುಂಬಿಸಿ ಕೊಡಬೇಕಲ್ಲವೇ ಸರ್? ಷೋರೂಮಿನವರೇ ತೆಗೆದುಕೊಂಡಿರಬಹುದೇ? ಹೀಗೆ ನಿಂತಿದ್ದರಿಂದ ಎಂಜಿನ್‌ಗೆ ಪೆಟ್ಟು ಬಿದ್ದಿದೆಯೇ?
— ಓದುಗರು, ಸಿರುಗುಪ್ಪ

ಉತ್ತರ: ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು, ಗಾಡಿಗೆ ಹಾರ ಹಾಕಿಕೊಂಡು ಬರುವ ದಿನ ನಡುದಾರಿಯಲ್ಲಿ ನಿಲ್ಲುವುದು ಎಷ್ಟು ಬೇಸರದ ಸಂಗತಿ ಎಂಬುದು ನನಗೆ ಗೊತ್ತು. ಆದರೆ ಇದು ಕಳ್ಳತನವೇ ಆಗಿರಬೇಕಿಲ್ಲ. ಲೆಕ್ಕ ಹಾಕಿ ನೋಡೋಣ.

ಕಾರ್ಖಾನೆಯಲ್ಲಿ ಗಾಡಿ ತಯಾರಾಗಿ ಹೊರಬರುವಾಗ ಅದಕ್ಕೆ ಹಾಕುವುದು ಕೆಲವೇ ಲೀಟರ್. ರೋಲರ್ ಮೇಲೆ ಓಡಿಸಿ ಪರೀಕ್ಷೆ ಮಾಡಲು, ಯಾರ್ಡಿಗೆ ಒಯ್ಯಲು, ಲಾರಿಗೆ ಹತ್ತಿಸಿ ಇಳಿಸಲು ಅಷ್ಟು ಸಾಕು. ತುಂಬಿದ ಟ್ಯಾಂಕಿನ ಏಳೆಂಟು ಕಾರುಗಳನ್ನು ಒಂದೇ ಕಂಟೇನರ್ ಲಾರಿಯಲ್ಲಿ ಸಾಗಿಸುವುದು ಬೆಂಕಿಯ ದೃಷ್ಟಿಯಿಂದ ಅಪಾಯ. ಜೊತೆಗೆ, ಕಾರು ಸ್ಟಾಕ್‌ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಬಹುದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗೆ ನಿಲ್ಲುವ ಗಾಡಿಯಲ್ಲಿ ಹೆಚ್ಚು ಪೆಟ್ರೋಲ್ ತುಂಬಿಸಿಟ್ಟು ಲಾಭವಿಲ್ಲ.

ಡೆಲಿವರಿ ದಿನ ಷೋರೂಮಿನವರು ಮೇಲಿಂದ ಎರಡರಿಂದ ಐದು ಲೀಟರ್ ಹಾಕುವುದು ನಮ್ಮ ಕಡೆ ರೂಢಿ. ಇಷ್ಟು ಕೊಡಲೇಬೇಕು ಎಂಬ ಕಾನೂನಿಲ್ಲ. ಎಕ್ಸ್ ಷೋರೂಂ ಬೆಲೆಯಲ್ಲಿ ಪೆಟ್ರೋಲಿನ ದುಡ್ಡು ಸೇರಿರುವುದಿಲ್ಲ. ಹತ್ತಿರದ ಬಂಕ್ ಮುಟ್ಟಿಸುವಷ್ಟು ಇರಲಿ ಎಂಬುದಷ್ಟೇ ಅವರ ಲೆಕ್ಕ. ಸೀಟಿನ ಪ್ಲಾಸ್ಟಿಕ್ ತೆಗೆದು, ಕೀಲಿ ಕೈಗಿಟ್ಟು, ಫೋಟೊ ತೆಗೆಯುವ ಹುಡುಗ "ಸರ್, ಮೊದಲು ಬಂಕಿಗೆ ಹೋಗಿ" ಎಂದು ಒಂದು ಮಾತು ಹೇಳಬೇಕು. ಹೇಳದಿದ್ದರೆ ಅದು ಅವನ ತಪ್ಪೇ.

ಈಗ ನಿಮ್ಮ ಗಾಡಿಗೆ ಬರೋಣ. ಟ್ಯಾಂಕಿನಲ್ಲಿ ಮೂರು ಲೀಟರ್ ಇತ್ತೆಂದುಕೊಳ್ಳಿ. ಯುಗಾದಿಯ ಬಿಸಿಲು, ಗುಡಿ ಮುಂದೆ ಸಾಲು. ಪೂಜಾರಿ ಬಂದು ನಿಂಬೆಹಣ್ಣು ಇಟ್ಟು ಕಾಯಿ ಒಡೆಯುವವರೆಗೆ ಎ.ಸಿ. ಹಾಕಿ ಒಳಗೆ ಕುಳಿತಿರುತ್ತೀರಿ. ನಿಂತಲ್ಲೇ ಎ.ಸಿ. ಓಡಿದರೆ ಸಣ್ಣ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಉಳಿದ ಎರಡು ಲೀಟರಿನಲ್ಲಿ ಮೂವತ್ತು, ಮೂವತ್ತೈದು ಕಿ.ಮೀ. ಬಳ್ಳಾರಿಯಿಂದ ಹೊರಟರೆ ನೀವು ನಿಂತ ಜಾಗದ ಹತ್ತಿರಕ್ಕೇ ಅದು ಬರುತ್ತದೆ.

ಎಂಜಿನ್ ಬಗ್ಗೆ ಕೇಳಿದ್ದೀರಿ. ಪೆಟ್ಟು ಬಿದ್ದರೆ ಅದು ಮೊದಲು ಎಂಜಿನ್‌ಗಲ್ಲ, ಪೆಟ್ರೋಲ್ ಪಂಪಿಗೆ. ಹೊಲದ ಬೋರಿನಲ್ಲಿ ಇಳಿಬಿಟ್ಟ ಸಬ್‌ಮರ್ಸಿಬಲ್ ಮೋಟಾರ್ ನೋಡಿದ್ದೀರಲ್ಲ? ಸುತ್ತ ನೀರಿದ್ದರೆ ತಣ್ಣಗಿರುತ್ತದೆ, ನೀರು ತಳ ಕಂಡರೂ ಓಡಿಸಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಕಾರಿನ ಪಂಪೂ ಹಾಗೆಯೇ, ಟ್ಯಾಂಕಿನೊಳಗೇ ಮುಳುಗಿರುತ್ತದೆ. ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ, ಸವೆಯದಂತೆ ಕಾಯುತ್ತದೆ. ಒಂದು ಸಲ ಖಾಲಿಯಾಗಿ ನಿಂತರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದಿನಾ ರಿಸರ್ವಿನಲ್ಲೇ ಓಡಿಸುವವರ ಪಂಪ್ ಮಾತ್ರ ಬೇಗ ಹೋಗುತ್ತದೆ. ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ "ಝುಂಯ್" ಎಂದು ಎರಡು ಸೆಕೆಂಡ್ ಸದ್ದು ಬರುತ್ತದಲ್ಲ, ಅದೇ ಪಂಪಿನದು. ಆ ಸದ್ದು ಮೊದಲಿಗಿಂತ ಜೋರಾಗಿದ್ದರೆ, ಅಥವಾ ಏರಿನಲ್ಲಿ ಗಾಡಿ ಎಳೆಯದೆ ಜಗ್ಗಿದರೆ, ವಾರಂಟಿಯಲ್ಲೇ ತೋರಿಸಿ.

ಮುಂದೆ ಹೀಗೆ ನಿಂತರೆ ಕನಿಷ್ಠ ಐದು ಲೀಟರ್ ಹಾಕಿಸಿ. ಒಂದು ಲೀಟರ್ ಹಾಕಿದರೆ ಇಳಿಜಾರಿನಲ್ಲಿ ಪಂಪಿಗೆ ಸಿಗುವುದೇ ಇಲ್ಲ. ಆಮೇಲೆ ಕೀಲಿ ಆನ್ ಮಾಡಿ, ಮೂರ್ನಾಲ್ಕು ಸೆಕೆಂಡ್ ಬಿಟ್ಟು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿ ನಂತರ ಸ್ಟಾರ್ಟ್ ಮಾಡಿ. ಡೀಸೆಲ್ ಗಾಡಿಯಾದರೆ ಖಾಲಿ ಮಾಡಲೇಬೇಡಿ. ಲೈನಿಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಮೆಕ್ಯಾನಿಕ್ ಬರಬೇಕಾಗಬಹುದು. ಅದರ ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಾರೆಣ್ಣೆ, ಒಣಗಿ ಓಡಿ ಕೆಟ್ಟರೆ ಖರ್ಚು ದೊಡ್ಡದು.

ಇಷ್ಟಾಗಿಯೂ ಅನುಮಾನವಿದ್ದರೆ, ಡೆಲಿವರಿ ದಿನದ ಓಡೋಮೀಟರ್ ಅಂಕಿ ನೋಡಿ. ಯಾರ್ಡಿನಿಂದ ಷೋರೂಮಿಗೆ ಓಡಿಸಿ ತಂದಿದ್ದರೆ ಹತ್ತಿಪ್ಪತ್ತು, ಐವತ್ತು ಕಿ.ಮೀ. ತೋರಿಸುವುದು ಸಹಜ. ಇನ್ನೂರು ಮುನ್ನೂರು ಇದ್ದರೆ ಪೆಟ್ರೋಲಿನ ಮಾತು ಬಿಡಿ, ಗಾಡಿ ಎಲ್ಲೆಲ್ಲಿ ಓಡಿದೆ ಎಂದು ಲಿಖಿತವಾಗಿ ಕೇಳಿ.

ಪ್ರಶ್ನೆ: ನನ್ನ ಹೊಸ ಕಾರಿನ ಪುಸ್ತಕದಲ್ಲಿ ಟ್ಯಾಂಕ್ 37 ಲೀಟರ್ ಎಂದಿದೆ. ಬಂಕಿನಲ್ಲಿ 38.6 ಲೀಟರ್ ಹಿಡಿಯಿತು. ಮೋಸವೇ?
— ಓದುಗರು, ಕೊಪ್ಪಳ

ಉತ್ತರ: ಅದೊಂದರಿಂದಲೇ ಮೋಸ ಎನ್ನಲಾಗದು. ಪುಸ್ತಕದ ಅಂಕಿ ಕಂಪನಿ ಹೇಳುವ ಸುರಕ್ಷಿತ ಅಳತೆ. ಆವಿಗೆಂದು ಮೇಲೆ ಬಿಟ್ಟ ಜಾಗ, ಬಾಯಿಯಿಂದ ಟ್ಯಾಂಕಿನವರೆಗಿನ ಕೊಳವೆ ಅದರಲ್ಲಿ ಸೇರಿಲ್ಲ. ನಾಜಲ್ "ಟಕ್" ಎಂದು ತಾನಾಗಿ ನಿಂತ ಮೇಲೂ ರೌಂಡ್ ಫಿಗರ್ ಮಾಡಲು ಒತ್ತಿ ಒತ್ತಿ ಹಾಕಿದರೆ ಒಂದೆರಡು ಲೀಟರ್ ಹೆಚ್ಚೇ ಹೋಗುತ್ತದೆ. ಹಾಗೆ ಹಾಕಿಸಬೇಡಿ. ಆವಿ ಹಿಡಿಯುವ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲ್ ಹೊಕ್ಕು ಅದು ಕೆಡುತ್ತದೆ.

ಆದರೂ ಅನುಮಾನ ಬಂದರೆ ಜಗಳ ಬೇಡ, ಅಳತೆ ಕೇಳಿ. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. ಐದು ಲೀಟರಿಗೆ 25 ಮಿ.ಲೀ. ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಪಾತ್ರೆಯ ಕತ್ತಿನಲ್ಲಿ ಗೆರೆ ಇರುತ್ತದೆ. ನೊರೆ ಇಳಿಯುವವರೆಗೆ ಕಾದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಹಾಕಿಸಿದರೆ ಸ್ಫೋಟವಾಗುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ರಾಯಚೂರಿನ ಬಿಸಿಲಿಗೆ ಹೆದರಿಕೆಯಾಗುತ್ತದೆ.
— ಓದುಗರು, ರಾಯಚೂರು

ಉತ್ತರ: ಸುಳ್ಳು. ನಾಜಲ್ ತಾನಾಗಿ ನಿಲ್ಲುವವರೆಗೆ ಧಾರಾಳವಾಗಿ ಹಾಕಿಸಿ. ಹಿಗ್ಗಲು ಬೇಕಾದ ಜಾಗ ಟ್ಯಾಂಕಿನಲ್ಲಿ ಆಗಲೂ ಉಳಿದಿರುತ್ತದೆ.