ಸ್ಕಿ ಬಾರದವರು ಆಂಡರ್‌ಮಾಟ್‌ನ ಹೊಸ ಹೋಟೆಲಿನಲ್ಲಿ ಉಳಿದರೆ ದುಡ್ಡು ದಂಡವೇ?

ಫೆಬ್ರವರಿಯಲ್ಲಿ ಅಪ್ಪ-ಅಮ್ಮ, ಆರು ವರ್ಷದ ಮಗುವಿನ ಜೊತೆ ಸ್ವಿಟ್ಜರ್ಲೆಂಡಿಗೆ ಬರುತ್ತಿದ್ದೀರಿ, ಯಾರಿಗೂ ಹಿಮದ ಮೇಲೆ ಜಾರುವ ಸ್ಕಿ ಬಾರದು, ಆದರೂ ಅಲ್ಲಿನ ಬೆಟ್ಟದೂರಾದ ಆಂಡರ್‌ಮಾಟ್‌ನಲ್ಲಿ ಹೊಸದಾಗಿ ಕಟ್ಟಿರುವ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ಉಳಿಯುವ ಆಸೆ ಇದೆ ಅಂದಿದ್ದೀರಿ. ಅಷ್ಟು ದುಡ್ಡು ಸುರಿಯುವುದು ಸರಿಯೇ ಎಂಬುದು ಪ್ರಶ್ನೆ.

ಹಗಲೆಲ್ಲ ಊರೂರು ಸುತ್ತಿ, ರಾತ್ರಿ ಮಲಗುವುದಕ್ಕೆ ಮಾತ್ರ ರೂಮಿಗೆ ಬರುವವರಾದರೆ ಶುದ್ಧ ದಂಡ. ಕಿಟಕಿ ಪಕ್ಕ ಕಾಫಿ ಹಿಡಿದು ಎರಡು ಗಂಟೆ ಸುಮ್ಮನೆ ಕೂರಬಲ್ಲಿರಾದರೆ ಧೈರ್ಯವಾಗಿ ಬುಕ್ ಮಾಡಿ. ಸ್ಕಿ ಬಾರದವರು ಅಲ್ಲಿ ದುಡ್ಡು ಕೊಡುವುದು ಆ ಕಿಟಕಿಗೆ, ಮತ್ತೆ ಕಾಲಡಿಯ ಬೆಚ್ಚಗಿನ ನೆಲಕ್ಕೆ. ನಾನು ಝೂರಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಎರಡು ವರ್ಷದ ಹಿಂದೆ ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾಗ, ಹೆಂಡತಿ ಮಗಳ ಜೊತೆ ನಾವು ಐದು ಜನ ಅಲ್ಲಿ ಎರಡು ರಾತ್ರಿ ಇದ್ದೆವು. ಹೋಟೆಲಿನ ಹೆಸರು ಬೇಡ, ಒಂದೆರಡು ದೂರು ಹೇಳುವುದಿದೆ.

ಮೊದಲು ದಾರಿ. ಝೂರಿಕ್‌ನಿಂದ ಸುಮಾರು ಎರಡು ಗಂಟೆ. ವೇಗದ ರೈಲುಗಳೆಲ್ಲ 2016ರಲ್ಲಿ ತೆರೆದ 57 ಕಿಲೋಮೀಟರಿನ ಹೊಸ ಗೊಟ್ಟಾರ್ಡ್ ಸುರಂಗಕ್ಕೆ ನುಗ್ಗಿಬಿಡುತ್ತವೆ. ನಿಮಗೆ ಬೇಕಾದದ್ದು ಹಳೆಯ ಬೆಟ್ಟದ ದಾರಿಯಲ್ಲಿ ಹೋಗುವ ತಾಮ್ರದ ಬಣ್ಣದ 'ತ್ರೇನೋ ಗೊತ್ತಾರ್ದೋ' ರೈಲು. ಅದು ಬೆಟ್ಟದೊಳಗೆ ಸುತ್ತು ಹಾಕಿ ಹಾಕಿ ಮೇಲೇರುವುದರಿಂದ ವಾಸ್ಸೆನ್ ಎಂಬ ಹಳ್ಳಿಯ ಬಿಳಿ ಚರ್ಚು ಮೂರು ಸಲ ಕಾಣಿಸುತ್ತದೆ: ಮೊದಲು ತಲೆಯೆತ್ತಿ ನೋಡಬೇಕು, ಆಮೇಲೆ ಎದುರಿಗೆ, ಕೊನೆಗೆ ಕೆಳಗೆ. ಎರಡನೇ ಸಲ ಅಮ್ಮ, "ಈ ಊರಲ್ಲಿ ಎಲ್ಲ ಚರ್ಚೂ ಒಂದೇ ಥರ ಕಟ್ಟಿದ್ದಾರಲ್ಲೋ" ಅಂದರು.

ಗೋಶೆನೆನ್‌ನಲ್ಲಿ ಇಳಿದು ಹಲ್ಲಿನ ಹಳಿಯ ಪುಟ್ಟ ಕೆಂಪು ರೈಲು ಹತ್ತಬೇಕು. ಅದು ಶೊಲ್ಲೆನೆನ್ ಕಮರಿ ದಾಟುವಾಗ ಬಗ್ಗಿ ನೋಡಿದರೆ 'ಸೈತಾನನ ಸೇತುವೆ'. ಮೊದಲು ದಾಟಿದವರ ಆತ್ಮ ನನಗೆ ಎಂಬ ಕರಾರಿನ ಮೇಲೆ ಸೈತಾನ ಸೇತುವೆ ಕಟ್ಟಿಕೊಟ್ಟನಂತೆ, ಊರಿನವರು ಒಂದು ಹೋತವನ್ನು ಅಟ್ಟಿದರಂತೆ. ಸಿಟ್ಟಿನಲ್ಲಿ ಸೇತುವೆ ಒಡೆಯಲು ಅವನು ಹೊತ್ತು ತಂದ ಬಂಡೆ ಎಂದು ತೋರಿಸುವ 220 ಟನ್ನಿನ ಕಲ್ಲು ಈಗಲೂ ಗೋಶೆನೆನ್ ಹತ್ತಿರ ಇದೆ. ರಸ್ತೆಗೆ ಅಡ್ಡ ಬಂತೆಂದು 1973ರಲ್ಲಿ ಅದನ್ನು 127 ಮೀಟರ್ ಪಕ್ಕಕ್ಕೆ ಸರಿಸಿದರು. ಮಗುವಿಗೆ ಕಥೆ ಹೇಳಿ, ದಾರಿ ಸಾಗುತ್ತದೆ.

ಊರು ಹಳೆಯದು, ಈ ದೊಡ್ಡ ಹೋಟೆಲುಗಳು ಹೊಸವು. ಕುದುರೆಗಾಡಿಗಳ ಕಾಲದಲ್ಲಿ ಗೊಟ್ಟಾರ್ಡ್ ಕಣಿವೆದಾರಿ ದಾಟುವವರೆಲ್ಲ ಇಲ್ಲಿ ತಂಗುತ್ತಿದ್ದರು. 1882ರಲ್ಲಿ ಹಳೆಯ ರೈಲು ಸುರಂಗ ತೆರೆದ ಮೇಲೆ ಗಿರಾಕಿಗಳು ಊರಿನ ಸುಮಾರು 300 ಮೀಟರ್ ಕೆಳಗೇ ನೆಲದೊಳಗೆ ಹಾದುಹೋಗತೊಡಗಿದರು. ಆಮೇಲೆ ಊರನ್ನು ಸಾಕಿದ್ದು ಸೈನ್ಯ. ಸೈನ್ಯವೂ ಕಡಿಮೆಯಾದಾಗ ಈಜಿಪ್ಟಿನ ಉದ್ಯಮಿ ಸಮೀಹ್ ಸಾವಿರಿಸ್ ಬಂದು ಹೋಟೆಲು, ಅಪಾರ್ಟ್‌ಮೆಂಟು ಕಟ್ಟಿಸಿದರು. ಮೊದಲ ಐಷಾರಾಮಿ ಹೋಟೆಲ್ ತೆರೆದದ್ದು 2013ರ ಡಿಸೆಂಬರಿನಲ್ಲಿ.

ರೂಮಿನ ವಿಷಯ. ಹೊರಗೆ ಮೈನಸ್ 12 ಇದ್ದ ರಾತ್ರಿ ಅಮ್ಮ ಒಳಗೆ ಬರಿಗಾಲಲ್ಲಿ ಓಡಾಡುತ್ತಿದ್ದರು. ನೆಲದಡಿ ಬಿಸಿನೀರಿನ ಪೈಪು ಇರುತ್ತದೆ, ಕಿಟಕಿಗೆ ಮೂರು ಪದರ ಗಾಜು. ಹೊರಗಿನ ಚಳಿ ಗಾಳಿಯನ್ನು ಹೀಗೆ ಕಾಯಿಸುವುದರಿಂದ ಒಳಗೆ ಗಾಳಿ ತುಂಬ ಒಣಗಿರುತ್ತದೆ. ಬೆಳಗ್ಗೆ ಮಗಳ ಮೂಗಿನಲ್ಲಿ ಸ್ವಲ್ಪ ರಕ್ತ ಬಂದು ಗಾಬರಿಯಾಯಿತು. ಒದ್ದೆ ಟವೆಲ್ ಕುರ್ಚಿ ಮೇಲೆ ಹರವಿ, ಮಲಗುವ ಮುಂಚೆ ಮೂಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದೆವು, ಸರಿಹೋಯಿತು. ಡಬಲ್ ಮಂಚಕ್ಕೆ ಎರಡು ಬೇರೆ ಬೇರೆ ರಜಾಯಿ ಕೊಡುತ್ತಾರೆ, ಗಂಡ-ಹೆಂಡಿರ ಎಳೆದಾಟವಿಲ್ಲ. ಸ್ವಿಸ್ ಪ್ಲಗ್ಗಿಗೆ ನಮ್ಮ ದಪ್ಪ ಪಿನ್ನು ಹೋಗುವುದಿಲ್ಲ, ಮೊಬೈಲ್ ಚಾರ್ಜರಿನ ತೆಳು ಎರಡು ಪಿನ್ನು ಹೋಗುತ್ತದೆ. ಟಾಯ್ಲೆಟ್ಟಿನಲ್ಲಿ ಜೆಟ್ ಇರಲಿಲ್ಲ. ಸೂಟ್‌ಕೇಸಿನಲ್ಲಿ ಒಂದು ಪ್ಲಾಸ್ಟಿಕ್ ಚೊಂಬು ಇರಲಿ, ಇಷ್ಟೇ ಹೇಳುತ್ತೇನೆ. ರೂಮಿನಲ್ಲಿ ಒಗ್ಗರಣೆಯ ಸಾಹಸ ಮಾತ್ರ ಬೇಡ. ಹೊಗೆ ಅಲಾರಂ ಕೂಗಿದರೆ ಇಡೀ ಹೋಟೆಲು ಹಿಮದಲ್ಲಿ ನಿಲ್ಲಬೇಕಾಗುತ್ತದೆ.

ಎರಡನೇ ದಿನ, ಇನ್ನೂ ಬೆಳಕು ಹರಿದಿರಲಿಲ್ಲ, ಎಲ್ಲೋ ಮೇಲಿನಿಂದ 'ಢಂ' ಎಂದಿತು. ಗಾಜು ಅದುರಿತು. ಮತ್ತೆ ಎರಡು ಸಲ. ಅಮ್ಮ ಎದ್ದು ಕೂತು, "ಕಲ್ಲು ಕ್ವಾರಿ ಇದೆಯೇನೋ ಇಲ್ಲಿ?" ಅಂದರು. ರಾತ್ರಿ ಬಿದ್ದ ಹೊಸ ಹಿಮ ತಾನಾಗಿ ಕುಸಿಯುವ ಮೊದಲೇ ಸ್ಫೋಟಿಸಿ ಇಳಿಸಿಬಿಡುತ್ತಾರೆ, ಆಮೇಲೆ ಸ್ಕಿ ದಾರಿ ತೆರೆಯುತ್ತಾರೆ. ಬೆಳಕಾದ ಮೇಲೆ ಬಾಲ್ಕನಿಯಿಂದ ನೋಡಿ: ಊರಿನ ನೆತ್ತಿಯ ಮೇಲೆ, ಬೋಳು ಬಿಳಿ ಇಳಿಜಾರಿನಲ್ಲಿ ಒಂದೇ ಒಂದು ತುಂಡು ಕಪ್ಪು ಕಾಡು ತ್ರಿಕೋನಾಕಾರದಲ್ಲಿ ನಿಂತಿರುತ್ತದೆ. 1397ರಲ್ಲೇ ಊರಿನವರು ಆ ಕಾಡಿಗೆ ಕೈ ಹಚ್ಚಕೂಡದೆಂದು ಪತ್ರ ಬರೆದುಕೊಂಡರು, ಮೇಲಿನಿಂದ ಬರುವ ಹಿಮ ತಡೆಯಲು ಅದೊಂದೇ ಗೋಡೆ. ಕೊಡಗಿನ ದೇವರಕಾಡು ನೋಡಿದವರಿಗೆ ಹೊಸದೇನಲ್ಲ, ದೇವರ ಜಾಗದಲ್ಲಿ ಇಲ್ಲಿ ಹಿಮದ ಭಯ ಕೂತಿದೆ ಅಷ್ಟೇ. ಆ ಎರಡು ದಿನದಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕಾಡೇ, ಅದನ್ನು ನೋಡಲು ಟಿಕೆಟ್ಟೂ ಇಲ್ಲ.

ಸೌನಾ, ಅಂದರೆ ಕೂತು ಬೆವರುವ ಬಿಸಿ ಕೋಣೆಯ ಬಗ್ಗೆ ಮೊದಲೇ ಎಚ್ಚರಿಸುತ್ತೇನೆ. ಈಜುಕೊಳಕ್ಕೆ ಬಟ್ಟೆ ಕಡ್ಡಾಯ, ಆದರೆ ಜರ್ಮನ್ ಮಾತಾಡುವ ಕಡೆ ಸೌನಾದೊಳಗೆ ಹೆಂಗಸರು ಗಂಡಸರು ಎಲ್ಲ ಬರಿಮೈಯಲ್ಲಿ ಟವೆಲ್ ಹಾಸಿಕೊಂಡು ಕೂರುವುದೇ ವಾಡಿಕೆ. ಅಪ್ಪನಿಗೆ ಹೇಳಲು ಮರೆತಿದ್ದೆ. ಹೋದಷ್ಟೇ ವೇಗದಲ್ಲಿ ವಾಪಸ್ ಬಂದರು. ಏನಾಯ್ತಪ್ಪಾ ಅಂದರೆ, "ಕನ್ನಡಕ ತೆಗೆದಿಟ್ಟು ಹೋಗಬೇಕಿತ್ತು ಕಣೋ" ಅಂದರು. ಅಪ್ಪನಿಗೆ ಹಿಡಿಸಿದ್ದು ಕೆಳಗಿನ ಸ್ಕಿ ರೂಮು. ಅಲ್ಲಿ ಗೋಡೆಯಲ್ಲಿ ಸಾಲಾಗಿ ಕೊಳವೆಗಳಿದ್ದು ಬಿಸಿ ಗಾಳಿ ಬರುತ್ತದೆ, ಸ್ಕಿ ಬೂಟು ತಲೆಕೆಳಗಾಗಿ ಸಿಕ್ಕಿಸಿದರೆ ಬೆಳಗ್ಗೆ ಒಣಗಿರುತ್ತದೆ. ಇವರು ದೊಡ್ಡ ದೊಡ್ಡ ಬೂಟುಗಳ ನಡುವೆ ತಮ್ಮ ವಾಕಿಂಗ್ ಶೂ ಸಿಕ್ಕಿಸಿ, ಉಣ್ಣೆ ಟೋಪಿಯನ್ನೂ ಅದರ ಪಕ್ಕ ಒಣಹಾಕಿ ಬಂದರು.

ಈಗ ದೂರು. ಬುಕ್ ಮಾಡುವಾಗಲೇ ಇಬ್ಬರು ಸಸ್ಯಾಹಾರಿಗಳು ಎಂದು ಬರೆದಿದ್ದೆ. ಎರಡು ರಾತ್ರಿಯೂ ಅದೇ ಅಣಬೆ ರಿಸೊಟ್ಟೊ, ಇಟಲಿ ಥರದ ಮೆತ್ತನೆಯ ಅನ್ನ. ಬಾರ್ಲಿ ಸೂಪು ಸಸ್ಯಾಹಾರವೇ ಎಂದು ಕೇಳಿದರೆ ಹುಡುಗ, "ಹೌದು, ಸಾರು ಮಾತ್ರ ದನದ್ದು" ಅಂದ, ಪಾಪ, ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಹಾಗಾಗಿ ಸೂಪು ಯಾವುದರಲ್ಲಿ ಬೇಯಿಸಿದ್ದು ಎಂದೇ ಕೇಳಿ. ಊರಿನ ಹಳೆಯ ಹೋಟೆಲುಗಳಲ್ಲಿ ಸಿಗುವ 'ಆಲ್ಪ್ಲರ್ ಮಾಗ್ರೋನೆನ್' ತಿನ್ನಿ: ಮ್ಯಾಕರೋನಿ, ಆಲೂಗಡ್ಡೆ, ಕೆನೆ, ಚೀಸು, ಮೇಲೆ ಹುರಿದ ಈರುಳ್ಳಿ, ನೆಂಚಿಕೊಳ್ಳಲು ಸೇಬಿನ ಗೊಜ್ಜು. ಹಂದಿಮಾಂಸದ ಚೂರು ಹಾಕುವುದುಂಟು, "ಓನೆ ಷ್ಪೆಕ್" ಅಂದರೆ ಬಿಡುತ್ತಾರೆ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಸಾಂಪ್ರದಾಯಿಕ ಸ್ವಿಸ್ ಚೀಸನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಪ್ಪನಿಗೆ ನಾನು ಇದನ್ನು ಇವತ್ತಿಗೂ ಹೇಳಿಲ್ಲ.

ಸ್ಕಿ ಇಲ್ಲದೆ ಮಾಡುವುದೇನು ಅಂದರೆ, ನೇಟ್ಶೆನ್‌ಗೆ ಹೋಗಿ. ಅದು ಬಿಸಿಲಿನ ಕಡೆ, ಸುಮಾರು 1,840 ಮೀಟರ್ ಎತ್ತರ. ಮರದ ಜಾರುಬಂಡಿ ಬಾಡಿಗೆಗೆ ತೆಗೆದುಕೊಂಡು ಊರಿನ ಕಡೆ ಜಾರಿಕೊಂಡು ಬರಬಹುದು, ಬ್ರೇಕು ನಿಮ್ಮ ಹಿಮ್ಮಡಿಯೇ. ಅಪ್ಪ-ಅಮ್ಮನನ್ನು ರೈಲಿನಲ್ಲಿ 2,000 ಮೀಟರ್ ಮೇಲಿರುವ ಓಬರಾಲ್ಪ್ ಕಣಿವೆದಾರಿಗೆ ಕರೆದೊಯ್ಯಿರಿ. ಸುತ್ತ ಹಿಮ, ನಡುವೆ ಹಡಗಿಗೆ ದಾರಿ ತೋರುವಂಥ ಒಂದು ಕೆಂಪು ದೀಪಸ್ತಂಭ! ರೈನ್ ನದಿಯ ಮೂಲ ಅಲ್ಲೇ ಸಮೀಪ, ಅದಕ್ಕೇ ನದಿ ಸಮುದ್ರ ಸೇರುವ ಹಾಲೆಂಡಿನ ದೀಪಸ್ತಂಭದ ಪ್ರತಿಯನ್ನು ಅಲ್ಲಿ ನಿಲ್ಲಿಸಿದ್ದಾರೆ. 2,961 ಮೀಟರಿನ ಗೆಮ್ಸ್‌ಸ್ಟಾಕ್‌ಗೂ ಕೇಬಲ್ ಕಾರ್ ಇದೆ, ಬಿಪಿ ಅಥವಾ ಹೃದಯದ ತೊಂದರೆ ಇರುವ ಹಿರಿಯರಿದ್ದರೆ ಡಾಕ್ಟರನ್ನು ಕೇಳಿಯೇ ಹತ್ತಿ.

ನಡೆಯುವಾಗ ಹೊಸ ಹಿಮದ ಮೇಲೆ ಕಾಲು ಅಷ್ಟಾಗಿ ಜಾರುವುದಿಲ್ಲ, ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಬೀಳಿಸುತ್ತದೆ. ನಾನು ಬಿದ್ದದ್ದು ಬೆಟ್ಟದಲ್ಲಲ್ಲ, ಹೋಟೆಲಿನ ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ. ಶೂ ಮೇಲೆ ಎಳೆದುಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ, ಅಪ್ಪ-ಅಮ್ಮನಿಗೆ ಅದು ಬೇಕೇ ಬೇಕು. ಹಿಮದ ಮೇಲಿನ ಬಿಸಿಲಿಗೆ ಮಗುವಿಗೆ ಕಪ್ಪು ಕನ್ನಡಕ, ಸನ್‌ಸ್ಕ್ರೀನ್.

ಫೆಬ್ರವರಿಯಲ್ಲಿ ಇಲ್ಲಿನ ಶಾಲೆಗಳಿಗೆ ಸ್ಕಿ ರಜೆ, ದರ ಏರಿರುತ್ತದೆ. ಶುಕ್ರ-ಶನಿವಾರ ಬಿಟ್ಟು ಸೋಮವಾರ-ಮಂಗಳವಾರ ನೋಡಿ. ಪ್ರವಾಸಿ ತೆರಿಗೆಯನ್ನು ತಲೆಗಿಷ್ಟು ಅಂತ ಬಿಲ್ಲಿನಲ್ಲಿ ಬೇರೆ ಸೇರಿಸುವುದು ಸಾಮಾನ್ಯ. ಮತ್ತೆ, ಭಾರತಕ್ಕೆ ಹೊರಡುವ ವಿಮಾನದ ಹಿಂದಿನ ರಾತ್ರಿ ಮಾತ್ರ ಆಂಡರ್‌ಮಾಟ್‌ನಲ್ಲಿ ಇರಬೇಡಿ. ಹಿಮ ಜೋರಾದರೆ ಕಮರಿಯ ರಸ್ತೆ, ರೈಲು ಎರಡನ್ನೂ ಮುಚ್ಚಿಬಿಡುವುದುಂಟು.