ಸಮಾಜಕಾರ್ಯದಲ್ಲಿ ಇರುವವರು ಸರ್ಕಾರಿ ಸೇವೆಗೆ ಹೋಗಲು ಯಾವ ಪಿಜಿ ಮಾಡಬೇಕು?

ಬಿಎ ಮುಗಿಸಿ ಮೂಡಿಗೆರೆ ಕಡೆ ಒಂದು ಸಂಸ್ಥೆಯಲ್ಲಿ ಎಸ್ಟೇಟ್ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೀರಿ, ಮುಂದೆ ಸರ್ಕಾರದ ವ್ಯವಸ್ಥೆ ಒಳಗೇ ಹೋಗಬೇಕು ಅಂತ ಆಸೆ, ಆದರೆ ಸಂಬಳ ಬಿಟ್ಟು ಓದುವ ಪರಿಸ್ಥಿತಿ ಇಲ್ಲ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಲಾ, ಎಂಎ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ (ಸಾರ್ವಜನಿಕ ಆಡಳಿತ) ಮಾಡಲಾ, ಪಬ್ಲಿಕ್ ಪಾಲಿಸಿ ಅಂತ ಒಂದಿದೆಯಂತಲ್ಲ ಅದು ಹೇಗೆ ಅಂತ ಕೇಳಿದ್ದೀರಿ. ನಾನು ಎಂಎಸ್‌ಡಬ್ಲ್ಯು ಮಾಡಿ ಹಾಸನ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲೇ ಇದ್ದೇನೆ. ನೇರವಾಗಿ ಹೇಳುತ್ತೇನೆ: ಮೊದಲು ಎಂಎಸ್‌ಡಬ್ಲ್ಯು ಮಾಡಿ, ಉಳಿದದ್ದು ಆಮೇಲೆ ನೋಡೋಣ.

ಕೋರ್ಸ್ ಪುಸ್ತಕ ಹಿಡಿದು ಕೂರುವ ಬದಲು ಹಳೆಯ ನೇಮಕಾತಿ ಪ್ರಕಟಣೆಗಳನ್ನು ತೆಗೆದು ಓದಿ. ಮಕ್ಕಳ ರಕ್ಷಣೆಗೆ ಅಂತ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಆಸ್ಪತ್ರೆಯ ಆಪ್ತ ಸಮಾಲೋಚಕರ ಹುದ್ದೆ, ಇವುಗಳ ವಿದ್ಯಾರ್ಹತೆ ಕಾಲಂನಲ್ಲಿ ಸಮಾಜಕಾರ್ಯ ಅನ್ನೋದು ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಕೂಡ ನಡೆಯುತ್ತದೆ, ಇಲ್ಲ ಅಂತಲ್ಲ. ಆದರೆ ಒಂದೇ ಡಿಗ್ರಿಯಿಂದ ಜಾಸ್ತಿ ಬಾಗಿಲು ತೆರೆಯೋದು ಎಂಎಸ್‌ಡಬ್ಲ್ಯುಗೇ. ಇವುಗಳಲ್ಲಿ ಬಹುಪಾಲು ಗುತ್ತಿಗೆ ಕೆಲಸ ಅನ್ನೋದನ್ನೂ ಈಗಲೇ ತಿಳಿದಿರಿ, ಸಂಬಳದ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.

ಮಾನಸಿಕ ಆರೋಗ್ಯದ ಕಡೆ ಮನಸ್ಸಿದ್ದರೆ ನೀವು ಕೇಳಿದ ಮೂರರಲ್ಲಿ ಎಂಎಸ್‌ಡಬ್ಲ್ಯು ಬಿಟ್ಟು ಬೇರೆ ದಾರಿಯೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಮನೋರೋಗಿಗಳು ಮತ್ತು ಅವರ ಮನೆಯವರ ಜೊತೆ ಕೆಲಸ ಮಾಡುವ ಸಮಾಜಕಾರ್ಯಕರ್ತರು) ಅನ್ನಿಸಿಕೊಳ್ಳಲು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಆಗಿರಬೇಕು, ಅದರ ಮೇಲೆ ಇದೇ ವಿಷಯದಲ್ಲಿ ಎರಡು ವರ್ಷದ ಎಂಫಿಲ್ ಆಗಿರಬೇಕು. ನಿಮ್ಹಾನ್ಸ್ ಹೆಸರಾಗಿರೋದು ಈ ಎಂಫಿಲ್‌ಗೇ. ವಿಶ್ವವಿದ್ಯಾಲಯಗಳ ಮೇಲಿನ ಸಂಸ್ಥೆಯಾದ ಯುಜಿಸಿ ಎಂಫಿಲ್ ನಿಲ್ಲಿಸಿ, ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತ್ತು. ಹಾಗಾಗಿ ಆ ಕಡೆ ಹೊರಡುವ ಮುಂಚೆ ಈಗಿನ ನಿಯಮ ಏನು ಅಂತ ನಿಮ್ಹಾನ್ಸ್‌ನಲ್ಲೇ ವಿಚಾರಿಸಿ.

ಈಗ ಎಲ್ಲಿ ಓದೋದು. ಮೂಡಿಗೆರೆಯಿಂದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ, ಚಾರ್ಮಾಡಿ ಇಳಿದರೆ ಮಂಗಳೂರಿನಲ್ಲಿ 1960ರಿಂದ ನಡೆಯುತ್ತಿರುವ ರೋಶನಿ ನಿಲಯ ಇದೆ, ಮೈಸೂರಿನ ಮಾನಸಗಂಗೋತ್ರಿ ಇದೆ. ಹಾಸನದ ಹೇಮಗಂಗೋತ್ರಿ ಈಗ ಹಾಸನ ವಿಶ್ವವಿದ್ಯಾಲಯ ಆಗಿದೆ, ಈ ವರ್ಷ ಯಾವ ಕೋರ್ಸ್‌ಗೆ ಅರ್ಜಿ ಕರೆದಿದ್ದಾರೆ ಅಂತ ಒಮ್ಮೆ ಹೋಗಿ ಕೇಳಿ ಬನ್ನಿ. ಕೆಲಸ ಬಿಡೋಕೆ ಆಗೋದೇ ಇಲ್ಲ ಅಂದರೆ ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಎಂಎಸ್‌ಡಬ್ಲ್ಯು ಇದೆ. ಯಾವ ಡಿಗ್ರಿ ಇದ್ದರೂ ಸೇರಬಹುದು, ಕಡಿಮೆ ಅಂದರೆ ಎರಡು ವರ್ಷ, ಜಾಸ್ತಿ ಅಂದರೆ ನಾಲ್ಕು ವರ್ಷದಲ್ಲಿ ಮುಗಿಸಬಹುದು. ನಿಮ್ಮ ಪರಿಸ್ಥಿತಿಗೆ ಇದೇ ಸರಿ ಅನ್ನಿಸುತ್ತದೆ.

ಆದರೆ ದೂರಶಿಕ್ಷಣ ಅಂತ ಫೀಲ್ಡ್‌ವರ್ಕ್ ಅನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇಗ್ನೋದಲ್ಲೂ ಅದು ಕಡ್ಡಾಯ, ವಾರದ ಕೆಲವು ಗಂಟೆ ಅದಕ್ಕೆ ಹೋಗುತ್ತದೆ, ನಿಮ್ಮ ಸಂಸ್ಥೆಯವರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ. ಎಂಎಸ್‌ಡಬ್ಲ್ಯುನ ಜೀವ ಇರೋದೇ ಅಲ್ಲಿ. ಈಗ ಮಾಡುತ್ತಿರುವ ಕೆಲಸವನ್ನೇ ಫೀಲ್ಡ್‌ವರ್ಕ್ ಅಂತ ತೋರಿಸಿ ಮುಗಿಸಿಬಿಡೋಣ ಅಂತ ಆಸೆ ಆಗುತ್ತದೆ, ಬೇಡ. ಲೈನ್ ಮನೆ ನಿಮಗೆ ಗೊತ್ತು, ಗೊತ್ತಿಲ್ಲದ ಜಾಗ ಕೇಳಿ. ಜಿಲ್ಲಾಸ್ಪತ್ರೆಯ ವಾರ್ಡ್‌ನಲ್ಲಿ ಒಂದು ಸೆಮಿಸ್ಟರ್ ಇದ್ದರೆ ರೋಗಿಯ ಮನೆಯವರ ಹತ್ತಿರ ಹೇಗೆ ಮಾತಾಡಬೇಕು ಅಂತ ಗೊತ್ತಾಗುತ್ತದೆ. ರಕ್ಷಣೆ ಬೇಕಾದ ಮಗುವಿನ ಬಗ್ಗೆ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಎದುರು ಒಂದು ಪ್ರಕರಣ ಹೇಗೆ ಬರುತ್ತದೆ, ಮಗುವಿನ ಮನೆ ಪರಿಸ್ಥಿತಿ ತಿಳಿಸುವ ಸಾಮಾಜಿಕ ತನಿಖಾ ವರದಿ ಹೇಗೆ ಬರೆಯಬೇಕು, ನೀವು ಬರೆದ ಒಂದು ಸಾಲಿನ ಮೇಲೆ ಮಗು ಮನೆಗೆ ಹೋಗುತ್ತದೋ ಬಾಲಮಂದಿರಕ್ಕೆ ಹೋಗುತ್ತದೋ ಅನ್ನೋದು ಹೇಗೆ ನಿಂತಿರುತ್ತದೆ, ಇದೆಲ್ಲ ಕಣ್ಣಾರೆ ನೋಡಿದರೆ ಮಾತ್ರ ಬರುವ ವಿದ್ಯೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೋನಿ ಇದೆ, ವ್ಯಾಪಾರಕ್ಕೆ ಅಂತ ದೂರದೂರ ತಿರುಗುವ ಜನ. ಅಪ್ಪ ಅಮ್ಮ ಊರಲ್ಲಿ ಇಲ್ಲದಾಗ ಆ ಮಕ್ಕಳ ಶಾಲೆಯ ಕತೆ ಏನು ಅಂತ ಅಲ್ಲಿಯ ಅಜ್ಜಿಯರ ಹತ್ತಿರ ಕೂತು ಕೇಳಿದರೆ ತರಗತಿಯಲ್ಲಿ ಓದಿದ್ದಕ್ಕೆ ಅರ್ಥ ಬರುತ್ತದೆ.

ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೆಲಸ ಸಿಕ್ಕಮೇಲೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಪಂಚಾಯಿತಿಯ ಬಜೆಟ್ ಹೇಗೆ ಆಗುತ್ತದೆ, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಯಾರಿಗೆ ಏನು ಅಧಿಕಾರ, ಕಡತ ಯಾವ ಮೇಜಿನಲ್ಲಿ ನಿಲ್ಲುತ್ತದೆ, ಇದು ಗೊತ್ತಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಬಂದ ಒಂದು ಬೇಡಿಕೆಯನ್ನು ಕೊನೆವರೆಗೂ ಬೆನ್ನು ಹತ್ತಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಇಗ್ನೋದಲ್ಲೂ ಮನೆಯಿಂದಲೇ ಓದಬಹುದು, ಮುಕ್ತ ವಿವಿಯ ಪ್ರಾದೇಶಿಕ ಕೇಂದ್ರ ಹಾಸನದಲ್ಲೇ ಇದೆ. ಯುಪಿಎಸ್‌ಸಿ ಬರೆಯುವ ಯೋಚನೆ ಇದ್ದರೆ ಅಲ್ಲಿ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಐಚ್ಛಿಕ ವಿಷಯ ಆಗಿದೆ, ಸಮಾಜಕಾರ್ಯ ಇಲ್ಲ. ಕೆಎಎಸ್‌ಗೋ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗೋ ಅಂತ ಸುಮ್ನೆ ಎಂಎ ಮಾಡುವ ಅಗತ್ಯ ಇಲ್ಲ, ಎರಡಕ್ಕೂ ಪದವಿ ಸಾಕು.

ಪಬ್ಲಿಕ್ ಪಾಲಿಸಿ, ಅಂದರೆ ಸರ್ಕಾರದ ನೀತಿಗಳ ಬಗ್ಗೆ ಓದೋದು, ಬೇರೆಯದೇ ದಾರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 2014ರಿಂದ ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಂಎ ಡೆವಲಪ್‌ಮೆಂಟ್ ಇದೆ. ಒಳ್ಳೆಯ ಕೋರ್ಸ್‌ಗಳು. ಆದರೆ ಅಲ್ಲೇ ಹೋಗಿ ಓದಬೇಕು. ಅಜೀಂ ಪ್ರೇಮ್‌ಜಿಯಲ್ಲಿ ಮನೆಯ ಆದಾಯ ನೋಡಿ ಶುಲ್ಕಕ್ಕೆ ಸಹಾಯ ಕೊಡುತ್ತಾರೆ, ಅದನ್ನು ಕೇಳದೆ ಕೈಬಿಡಬೇಡಿ. ಸಾರ್ವಜನಿಕ ಆರೋಗ್ಯದಲ್ಲಿ ಆಸಕ್ತಿ ಇದ್ದರೆ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕೂಡ ನೋಡಬಹುದು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪಿಜಿ ಮುಗಿಯುವವರೆಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಪ್ರಕರಣಗಳಲ್ಲಿ ಮಗುವಿನ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಿ ನಿಲ್ಲುವ ಸಪೋರ್ಟ್ ಪರ್ಸನ್ ಬೇಕಾಗುತ್ತಾರೆ. ಸಮಾಜಕಾರ್ಯದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು, ಇಲ್ಲವೇ ಡಿಗ್ರಿ ಜೊತೆ ಮಕ್ಕಳ ಶಿಕ್ಷಣ, ಬೆಳವಣಿಗೆ ಅಥವಾ ರಕ್ಷಣೆಯ ಕೆಲಸದಲ್ಲಿ 3 ವರ್ಷದ ಅನುಭವ ಇದ್ದರೂ ಆಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಹೋಗಿ ಕೇಳಿ. ನಮ್ಮ ಕಡೆ ಎಸ್ಟೇಟ್‌ನಿಂದ ಕೋರ್ಟಿಗೆ ಬಸ್ ಹಿಡಿದು ಬರುವ ತಾಯಂದಿರಿಗೆ ಭಾಷೆ ಗೊತ್ತಿರುವ, ಭಯ ಇಲ್ಲದ ಒಬ್ಬರು ಪಕ್ಕದಲ್ಲಿ ಇದ್ದರೆ ಎಷ್ಟು ಧೈರ್ಯ ಬರುತ್ತದೆ ಅಂತ ನಾನು ನೋಡಿದ್ದೇನೆ. ನಿಮ್ಮಂಥವರು ಅಲ್ಲಿಗೆ ಬರಬೇಕು.

ಮುಂದೆ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗಲು ಬಾಲನ್ಯಾಯ ಕಾಯ್ದೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ 7 ವರ್ಷದ ಅನುಭವ ಕೇಳುತ್ತದೆ. ನಿಮ್ಮ ಈಗಿನ ಕೆಲಸ ಅದಕ್ಕೆ ಲೆಕ್ಕಕ್ಕೆ ಬರುವಂಥದ್ದು. ಹಾಗಾಗಿ ಸಂಸ್ಥೆಯವರಿಂದ ಅನುಭವ ಪತ್ರವನ್ನು ಪ್ರತಿ ವರ್ಷ ಲೆಟರ್‌ಹೆಡ್‌ನಲ್ಲಿ ಬರೆಸಿಟ್ಟುಕೊಳ್ಳಿ, ಸೇರಿದ ತಾರೀಖು, ಹುದ್ದೆ, ಮಕ್ಕಳ ಜೊತೆ ನೀವು ಮಾಡಿದ ಕೆಲಸ ಏನು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಇಗ್ನೋ ಅರ್ಜಿ ಜನವರಿ, ಜುಲೈ ಎರಡೂ ಸರದಿಗೆ ಕರೆಯುತ್ತಾರೆ. ತುಂಬುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಹೇಳುತ್ತೇನೆ.